ಗ್ಲಿಸರಿನ್ ಇಲ್ಲದ ಅಳು

ಅಮ್ಮನನ್ನು ಒಳಗೆ ಕರೆದೊಯ್ದು ಬಹಳ ಹೊತ್ತಾಗಿತ್ತು. ಐಸಿಯು ಬಾಗಿಲಲ್ಲಿ ಕಾಯುತ್ತಿದ್ದವಳನ್ನು ನರ್ಸ್ ಗುರುತು ಹಿಡಿದಳು.

“ನೀವು ಆ ಸೀರಿಯಲ್‌ನ ಅನಾಥ ಪುಟ್ಟಿ ಅಲ್ವಾ? ಗ್ಲಿಸರಿನ್ ಇಲ್ದೇನೇ ಅಳ್ತಿದ್ರಂತೆ! ಹೇಗ್ರೀ?”

“ಡೈರೆಕ್ಟರು ಹತ್ರ ಬಂದು, ‘ನಿಮ್ಮಮ್ಮ ಸತ್ತೋದ್ಲು ಕಣೇ’ ಅನ್ನೋರು. ಅಳು ತಾನಾಗೇ ಬರ್ತಿತ್ತು. ಕಟ್ ಅಂದ ತಕ್ಷಣ ಕ್ಯಾಮೆರಾ ಹಿಂದಿನಿಂದ ಅಮ್ಮ ಓಡಿಬಂದು ಎತ್ಕೊಳ್ಳೋಳು.”

“ಪ್ರತಿ ಸಲಾನೂ ನಂಬ್ತಿದ್ರಾ?”

“ಒಂದಿನ ನಿಜ ಆಗ್ಬಿಟ್ರೆ ಅಂತ ಭಯ ಇರ್ತಿತ್ತಲ್ಲ.”

“ಈಗ್ಯಾಕೆ ಆಕ್ಟಿಂಗ್ ಮಾಡಲ್ಲ?”

“ಎತ್ತರ ಬೆಳೆದೆ. ಆಮೇಲೆ ಯಾರೂ ಕರೀಲಿಲ್ಲ. ಅಮ್ಮ ಮಾತ್ರ ಈಗ್ಲೂ ಪುಟ್ಟೀ ಅಂತಾಳೆ.”

ಬಾಗಿಲು ತೆರೆಯಿತು. ಡಾಕ್ಟರು ಹೊರಗೆ ಬಂದು ಕನ್ನಡಕ ತೆಗೆದರು.

“ತುಂಬಾ ಪ್ರಯತ್ನ ಮಾಡಿದ್ವಿ. ನಿಮ್ಮ ತಾಯಿ ಹೋಗ್ಬಿಟ್ರು.”

ಅವಳ ಕಣ್ಣು ಆ ಕ್ಷಣವೇ ತುಂಬಿ ಹರಿಯಿತು. ನರ್ಸ್ ಅವಳ ಭುಜ ಹಿಡಿದುಕೊಂಡಳು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ದುಪಟ್ಟಾದಿಂದ ಮುಖ ಒರೆಸಿಕೊಂಡು, ಡಾಕ್ಟರ ಬೆನ್ನ ಹಿಂದಿನ ಬಾಗಿಲನ್ನೇ ನೋಡುತ್ತ ನಿಂತಳು.

“ಯಾರಾದ್ರೂ ಬರೋರಿದಾರೇನಮ್ಮಾ?” ಡಾಕ್ಟರು ಕೇಳಿದರು.

“ಅತ್ತಾಯ್ತಲ್ಲ ಸಾರ್, ಈಗ ಅಮ್ಮನ್ನ ಕರೀರಿ.”