ಏಳನೆಯ ಮನೆಯ ಗೋಡೆ

ಕೊಳ್ಳುವವರನ್ನು ಮನೆಗಳೇ ಆರಿಸತೊಡಗಿದ ಮೇಲೆ, ಆರು ಮನೆಗಳು ನಮ್ಮನ್ನು ಬೇಡ ಎಂದಿದ್ದವು. ಬಂದವರು ಹಿಡಿಸದಿದ್ದರೆ ಮನೆ ತನ್ನ ಕಿಟಕಿಗಳನ್ನು ಮುಚ್ಚಿಕೊಳ್ಳುತ್ತದೆ. ನಾವು ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು, ಅಷ್ಟೇ.

ನಮ್ಮವರು ರಿಟೈರಾದ ಡ್ರಾಯಿಂಗ್ ಮಾಸ್ತರು, ಸೋಲು ಒಪ್ಪುವವರಲ್ಲ. ಪರದೇಶದವರು ಮನೆ ನೋಡಲು ಹೋಗುವ ಟಿವಿ ಕಾರ್ಯಕ್ರಮವನ್ನು ದಿನಾ ನೋಡಿ, ಅವರಾಡುವ ಮಾತನ್ನೆಲ್ಲ ಬಾಯಿಪಾಠ ಮಾಡಿದ್ದರು.

ಗದಗಿನ ಈ ಏಳನೆಯ ಮನೆಗೆ ಅದೇ ಕಾರ್ಯಕ್ರಮದ ಕ್ಯಾಮೆರಾ ಬಂದಿತ್ತು. ನಮ್ಮವರು ಹಿಗ್ಗಿ ಹೀರೇಕಾಯಿಯಾಗಿ ಅಡುಗೆಮನೆಯ ಗೋಡೆ ತಟ್ಟಿದರು. "ಇದನ್ನ ಒಡದು ಹಾಕೂಣು. ಲಿಸ್ಬನ್ನಿನ್ಯಾಗ ಎಲ್ಲಾರೂ ಹಂಗ ಮಾಡ್ತಾರ."

ಪಡಸಾಲೆಯ ಕಿಟಕಿ ಕಿರ್ರೆಂದು ಮುಚ್ಚಿತು. ಎರಡನೆಯದೂ ಅರ್ಧ ಮುಚ್ಚಿತು.

ನನಗೆ ಪಿತ್ತ ನೆತ್ತಿಗೇರಿತು. ಒಂದು ಕೈ ಸೊಂಟಕ್ಕೆ, ಒಂದು ಕೈ ಗೋಡೆಗೆ ಇಟ್ಟು ನಿಂತೆ. "ತಲಿ ಸರಿ ಐತೇನ್ರಿ ನಿಮಗ? ನಾ ಒಣಮೆಣಸಿನಕಾಯಿ ಒಗ್ಗರಣಿ ಕೊಟ್ರ ಪಡಸಾಲ್ಯಾಗ ಕುಂತ ಬೀಗರು ಕೆಮ್ಮಿ ಕೆಮ್ಮಿ ಸಾಯ್ತಾರ. ಈ ಗ್ವಾಡಿ ಇರಲಿ ಬಿಡ್ರಿ!"

ಆಮೇಲೆ ಹಿತ್ತಲಿನದೂ ಸೇರಿ ಎಲ್ಲ ಕಿಟಕಿಗಳೂ ಧಡಾರನೆ ತೆರೆದುಕೊಂಡವು.

ನಾವಿದ್ದ ಕಂತು ದೇಶವಿದೇಶದ ಟಿವಿಯಲ್ಲಿ ಬಂದ ಮುಂದಿನ ತಿಂಗಳು, ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. "ನೀಲವ್ವಾ, ಲಗೂ ಬಾ!" ಎಂದು ನಮ್ಮವರು ಪಡಸಾಲೆಯಿಂದ ಕೂಗಿದರು. ಒಂದು ಕೆಮ್ಮೂ ಇಲ್ಲ.

ಟಿವಿಯಲ್ಲಿ ಲಿಸ್ಬನ್ನಿನ ಹೆಂಗಸೊಬ್ಬಳು, ಒಂದು ಕೈ ಸೊಂಟಕ್ಕೆ, ಒಂದು ಕೈ ಗೋಡೆಗೆ ಇಟ್ಟು, ಗಂಡನನ್ನು ತೊದಲುಗನ್ನಡದಲ್ಲಿ ಗದರಿಸುತ್ತಿದ್ದಳು.

"ಈ ಗ್ವಾಡಿ ಇರಲಿ ಬಿಡ್ರಿ!"