ಬಾಗಿಲಿಗಿಂತ ಅಗಲವಾದ ಕೋಡು

"ಎಸ್ತಬುಲಾರ್," ಎಂದು ಚಿಕ್ಕೋಡಿ ಕಾಲೇಜಿಗೆ ಹೋಗುವ ಮೊಮ್ಮಗಳು ಶುಭಾಂಗಿ ಫೋನು ನೋಡಿ ಗಟ್ಟಿಯಾಗಿ ಓದಿದಳು. "ಅಜ್ಜಿ, ದನಾ ಮೇಯಾಕ ಬಿಡದಂಗ ಒಳಗ ಕಟ್ಟಿ ಸಾಕೂದಕ್ಕ ಸ್ಪ್ಯಾನಿಶ್‌ದಾಗ ಒಂದ ಶಬ್ದ ಐತಿ ನೋಡು."

"ಒಂದ ಶಬ್ದದಾಗ ಮುಗಿಸ್ಯಾರ? ನನಗ ಮೂರು ಹೊತ್ತೂ ಸಾಲವಲ್ದು," ಅಂದಳು ತುಳಸವ್ವ, ಮೊಣಕಾಲು ಹಿಡಿದು ಏಳುತ್ತ.

ಭೋಜ ಊರಿನ ಸುತ್ತ ಎಲ್ಲಿ ನೋಡಿದರೂ ಕಬ್ಬು, ಎಮ್ಮೆ ಬಿಟ್ಟು ಮೇಯಿಸಲು ಗೇಣು ಜಾಗವಿಲ್ಲ. ಹಾಗಾಗಿ ತುಳಸವ್ವನ ಪಂಢರಪುರಿ ತಳಿಯ ಎಮ್ಮೆಯನ್ನು ಕರುವಾಗಿದ್ದಾಗಲೇ ಪಡಸಾಲೆಯಲ್ಲಿ ಕಟ್ಟಿದ್ದರು. ಮರುವರ್ಷ ಅವಳ ಮಗ ಉತ್ತಮನು ಹಳೆಯ ಜೋಡಿ ಬಾಗಿಲು ಕಿತ್ತು, ಕಿರಿದಾದ ಹೊಸ ಚೌಕಟ್ಟು ಕೂಡಿಸಿದ. ಕೋಡು ಬೆಳೆಯುತ್ತದೆ ಎಂಬುದು ಆ ಜಾಣನ ತಲೆಗೆ ಹೊಳೆಯಲಿಲ್ಲ. ಈಗ ಒಂದೊಂದು ಕೋಡೂ ಮೊಳಕ್ಕೆ ಮಿಕ್ಕಿ ಆಚೀಚೆ ಚಾಚಿದೆ. ಕೊಳ್ಳಲು ಬಂದ ಇಬ್ಬರನ್ನು ತುಳಸವ್ವ "ಬಾಗಲದಾಗ ಹಾಯೂದಿಲ್ರಿ" ಎಂದೇ ಸಾಗಹಾಕಿದ್ದಳು.

ಈ ಸಲ ಅವಳಿಗೂ ಸಾಕಾಗಿತ್ತು. ಮೇವಿನ ಹೊರೆ ಹೊರಲು ಕಾಲು ಒಪ್ಪುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಅವಳು ಎದ್ದಾಗ ಏಳುವ ಜೀವ ಅದೊಂದೇ. ಸಾಕಲು ಕೈಲಾಗದು, ಕೊಡಲು ಮನಸ್ಸು ಬಾರದು.

ಉತ್ತಮನು ಕಳಿಸಿದ ಎಮ್ಮೆ ವ್ಯಾಪಾರಿ ಅಣ್ಣಾಸಾಬ ಬಂದು ಬಾಗಿಲು ಅಳೆದ, ಕೋಡೂ ಅಳೆದ. "ಚೌಕಟ್ಟ ಒಡೀಬ್ಯಾಡಂತ ಉತ್ತಮ ಹೇಳ್ಯಾನ್ರಿ ಕಾಕು. ಒಂದ ಕೋಡ ಕೊಯ್ದ ಬಿಡೂಣು. ಗಾಡ್ಯಾಗ ಕರಗಸ ಐತಿ."

"ರಕ್ತಾ ಬರ್ತೈತಲ್ರಿ!" ಶುಭಾಂಗಿ ಫೋನು ಕೆಳಗಿಟ್ಟಳು.

"ಅರಿಶಿಣ ಹಚ್ಚಿದ್ರ ಮಾಯ್ತೈತಿ ತಗೋ."

ಕರಗಸದ ಹಲ್ಲು ಕೋಡಿನ ಬುಡಕ್ಕೆ ತಗುಲಿತು. ತುಳಸವ್ವ ಅಣ್ಣಾಸಾಬನ ಕೈ ಹಿಡಿದಳು. ಆಮೇಲೆ ಗೂಟದ ಹಗ್ಗ ಬಿಚ್ಚಿ, ಎಮ್ಮೆಯ ಕುತ್ತಿಗೆ ತಟ್ಟಿ, "ನಡಿ ನಮ್ಮವ್ವಾ" ಅಂದಳು.

ಎಮ್ಮೆ ಬಾಗಿಲಿಗೆ ಹೋಯಿತು. ತಲೆ ಓರೆ ಮಾಡಿ ಮೊದಲು ಎಡಗೋಡು ಹೊರಗೆ ಹಾಕಿತು, ಮುಖ ತಿರುಗಿಸಿ ಬಲಗೋಡನ್ನೂ ದಾಟಿಸಿತು. ಉತ್ತಮನ ಚೌಕಟ್ಟಿಗೆ ಒಂದು ಗೀರೂ ಬೀಳಲಿಲ್ಲ.

ಅಣ್ಣಾಸಾಬ ಕರಗಸ ಹಿಡಿದುಕೊಂಡು ನಿಂತೇ ಇದ್ದ.

"ಅಜ್ಜಿ, ನಿನಗ ಗೊತ್ತಿತ್ತು?" ಶುಭಾಂಗಿ ಕೇಳಿದಳು.

"ದಿನಾ ನಸಿಕಿನ್ಯಾಗ ನೀವೆಲ್ಲಾ ಮಲಗಿರ್ತೀರಿ. ಅಷ್ಟರ ಹೊರಗಿನ ಗಾಳಿ ಬ್ಯಾಡಾ ಅದಕ?"

ಎಮ್ಮೆ ಅಂಗಳದಲ್ಲಿ ಒಂದು ಸುತ್ತು ಹಾಕಿ, ದಿನದಂತೆ, ಒಳಗೆ ಬರಲು ಮತ್ತೆ ತಲೆ ಓರೆ ಮಾಡಿತು. ತುಳಸವ್ವ ಹೊಸ್ತಿಲ ಮೇಲೆ ಅದಕ್ಕೆ ಅಡ್ಡ ನಿಂತಳು.