ಗಟಾರ ದಾಟಿದ ದಾದಾಸಾಬ

ಟ್ರ್ಯಾಕ್ಟರಿನಿಂದ ಹಾಸುಗಲ್ಲು ಇಳಿಯುವುದನ್ನು ಕಂಡು ಮಕ್ತುಮಬಿ ಒಲೆಯ ಮೇಲಿನ ಚಹಾಕ್ಕೆ ಇನ್ನೊಂದು ಚರಿಗೆ ನೀರು ಸುರಿದಳು. ಪಂಚಾಯ್ತಿಯ ಆಳುಗಳು ಹಾರೆಕೋಲು ಹಾಕಿ, ಏದುಸಿರು ಬಿಡುತ್ತ ಕಲ್ಲನ್ನು ಸರಿಸಿ, ಮನೆಯ ಮುಂದಿನ ಗಟಾರದ ಮೇಲೆ ಕೂರಿಸಿದರು.

ಹಳೆಯ ಕಲ್ಲು ಮಳೆಗಾಲದಲ್ಲಿ ಒಡೆದು ಗಟಾರಕ್ಕೆ ಬಿದ್ದಿತ್ತು. ನಡೆಯುವವರಿಗೆ ಅದು ಒಂದು ದಾಪುಗಾಲು. ಸಕ್ಕರೆ ಕಾಯಿಲೆಗೆ ಬಲಗಾಲು ಕಳೆದುಕೊಂಡು, ಹಾವೇರಿಯ ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿಯಲ್ಲಿ ಕೂತ ಅವಳ ಗಂಡ ದಾದಾಸಾಬನಿಗೆ ಮಾತ್ರ ಅದು ಹೊಳೆ. ಎತ್ತಿ ದಾಟಿಸುತ್ತೇವೆಂದು ಬಂದ ಓಣಿಯ ಹುಡುಗರನ್ನು ಅವನು ಬೈದು ಕಳಿಸಿದ್ದ. ಬ್ಯಾಡಗಿ ಪೇಟೆಯಲ್ಲಿ ಜನ್ಮವೆಲ್ಲ ಮೆಣಸಿನಕಾಯಿ ಚೀಲ ಹೊತ್ತವನು, ತಾನೇ ಚೀಲವಾಗಲು ಒಪ್ಪಲಿಲ್ಲ. ಕಡೆಗೆ ರಾಣೆಬೆನ್ನೂರಿನಲ್ಲಿರುವ ಮಗಳು ನಜ್ಮಾ ಮೊಬೈಲಿನಲ್ಲಿಯೇ ಸರ್ಕಾರಕ್ಕೆ ದೂರು ಹಾಕಿ, ತಾಯಿಯ ನಂಬರು ಕೊಟ್ಟಿದ್ದಳು.

"ಬರ್ರಿ ಚಾಚಾ, ದಾಟ್ರಿ," ಎಂದ ಪಂಚಾಯ್ತಿಯ ಕಂಪ್ಯೂಟರ್ ಆಪರೇಟರ್ ಯುವರಾಜ, ಮೊಬೈಲ್ ಎತ್ತಿ ಹಿಡಿದು. "ನೀವು ಕಲ್ಲಿನ ಮ್ಯಾಲಿದ್ರ ಫೋಟೋಕ್ಕ ಕಳೆ ಬರ್ತೈತಿ."

"ತಡಿಯೋ, ಟೊಪಗಿ ಹಾಕ್ಕೊಂತೇನಿ. ಮದಿವ್ಯಾಗೂ ಯಾರೂ ನನ್ನ ಫೋಟೋ ತಗದಿಲ್ಲ."

"ತಗದು ಮೊದಲ ತೋರಿಸಿದ್ರ ನಾ ಮೋಸ ಹೋಗ್ತಿದ್ದಿಲ್ಲ," ಎಂದಳು ಮಕ್ತುಮಬಿ ಒಲೆಯ ಮುಂದಿನಿಂದಲೇ.

ದಾದಾಸಾಬ ಯಾರ ಕೈಯನ್ನೂ ಹಿಡಿಯದೆ, ತಾನೇ ಗಾಲಿ ತಿರುವುತ್ತ ಕಲ್ಲಿನ ಮೇಲೆ ಬಂದ. ಫೋಟೋ ಆಯಿತು. ಅವನು ನಿಲ್ಲಲಿಲ್ಲ. ಆಚೆ ಇಳಿದು, ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದ ಗೆಳೆಯರ ಕಡೆ ಹೋಗಿಯೇಬಿಟ್ಟ. "ಏನಪಾ ದಾದಾ, ಜಾಮೀನು ಸಿಕ್ತೇನು?" ಎಂದು ಉಡಚಪ್ಪ ಕೂಗಿದ. ಕಟ್ಟೆಯ ಮೇಲೆ ಎದ್ದ ನಗು ಮನೆಯೊಳಗೂ ಕೇಳಿತು. ಮಕ್ತುಮಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ಬಂದವರಿಗೆಲ್ಲ ಚಹಾ ಕೊಟ್ಟಳು.

"ಚಾಚಿ, ದೂರಿಂದು ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬಂದೈತಿ," ಎಂದ ಯುವರಾಜ. " ಲಗೂ ಹೇಳಿಬಿಡ್ರಿ."

"ಯಾರಿಗೂ ಹೇಳಬ್ಯಾಡ ಅಂತ ಮೊಬೈಲ್ ದಿನಾ ಒದರ್ತೈತಲ್ಲೋ ತಮ್ಮಾ."

"ಅದು ಕಳ್ಳರಿಗ್ರಿ. ನಾವು ಪಂಚಾಯ್ತಿಯವ್ರು."

ಅವಳು ನಕ್ಕು ಮೊಬೈಲನ್ನೇ ಅವನ ಕೈಗಿಟ್ಟಳು. ಅಂಕಿಗಳನ್ನು ಒತ್ತಿ ಯುವರಾಜ ನಿಟ್ಟುಸಿರು ಬಿಟ್ಟ. ಆಮೇಲೆ ಆಳುಗಳ ಕಡೆ ತಿರುಗಿ ತಲೆಯಾಡಿಸಿದ. ಅವರು ಲೋಟ ಕೆಳಗಿಟ್ಟು ಹಾರೆಕೋಲು ಹಿಡಿದರು. ಕಲ್ಲು ಮತ್ತೆ ಟ್ರ್ಯಾಕ್ಟರ್ ಏರತೊಡಗಿತು.

"ಏ, ಏ! ಎಲ್ಲಿಗೆ ಒಯ್ಯಾಕತ್ತೀರಿ?"

"ಕೆರಿ ಓಣ್ಯಾಗ ಭರಮವ್ವನ ಮನಿ ಮುಂದ ಹಾಕಬೇಕ್ರಿ. ಅಲ್ಲಿಂದ ಸಾಲಿ ಮುಂದ. ಊರಿಗೆಲ್ಲ ಇದೊಂದ ಕಲ್ಲು ಚಾಚಿ." ಯುವರಾಜ ಅವಳ ಮುಖ ನೋಡದೆ ಹೇಳಿದ. "ವಾರದಾಗ ದೂರು ಮುಗೀದಿದ್ರ ಮೀಟಿಂಗಿನ್ಯಾಗ ನಮ್ಮ ಪಂಚಾಯ್ತಿ ಹೆಸರು ಕೆಂಪಗ ಕಾಣ್ತೈತಿ. ಸಾಹೇಬ್ರು ಎಲ್ಲಾರ ಮುಂದ ಬೈಸ್ಕೋಬೇಕು. ಕಲ್ಲು ತರಬೇಕಂದ್ರ ಟೆಂಡರ್ ಆಗಬೇಕು, ಅದಕ್ಕ ವರ್ಷ ಹಿಡೀತೈತಿ. ಫೋಟೋಕ್ಕ ಏನ್ ಟೆಂಡರ್ ಬೇಕ್ರಿ?"

"ಹಂಗಾದ್ರ ನಮ್ಮ ದೂರು?"

"ಮುಗೀತ್ರಿ. ನೋಡ್ರಿ, ಹಸಿರಾಗೇತಿ." ಅವನು ಮೊಬೈಲ್ ತೋರಿಸಿದ. ಹಸಿರೇನೋ ಆಗಿತ್ತು.

"ಮತ್ತೊಮ್ಮೆ ದೂರು ಹಾಕಿದ್ರ?"

"ಹಾಕ್ರಿ, ಯಾರು ಬ್ಯಾಡ ಅಂದಾರ? ಮತ್ತ ಬರ್ತೇವಿ." ತನ್ನ ಮಾತಿಗೆ ಅವನಿಗೇ ನಾಚಿಕೆಯಾದಂತಿತ್ತು.

ಟ್ರ್ಯಾಕ್ಟರ್ ಗುಡುಗುಟ್ಟಿದ್ದು ಕೇಳಿ ದಾದಾಸಾಬ ಕಟ್ಟೆಯ ಕಡೆಯಿಂದ ಕುರ್ಚಿ ತಿರುಗಿಸಿಕೊಂಡು ಬಂದ. ಗಟಾರದ ಅಂಚಿನಲ್ಲಿ ಗಾಲಿ ನಿಂತಿತು. ಮನೆಗೂ ಅವನಿಗೂ ನಡುವೆ ಕರಿನೀರು ಹರಿಯುತ್ತಿತ್ತು. ಯುವರಾಜನಿಗೆ ಆಗಲೇ ಹೊಳೆದದ್ದು. ಅವನ ಮುಖ ಸಣ್ಣದಾಯಿತು.

"ಸಿಟ್ಟಾಗಬ್ಯಾಡ್ರಿ ಚಾಚಾ. ಇಷ್ಟ್ ಮಂದಿ ಅದೀವಿ, ಕುರ್ಚಿ ಸಮೇತ ಎತ್ತಿ ಮನಿಯೊಳಗ ಇಳಸ್ತೀವಿ."

"ಮುಟ್ಟಿದ್ರ ನೋಡು." ದಾದಾಸಾಬ ಗಾಲಿಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. "ದಾದಾಸಾಬ ಗಟಾರ ದಾಟ್ಯಾನ ಅಂತ ಸರ್ಕಾರಕ್ಕ ಫೋಟೋ ಕಳಸೀಯಲ್ಲ? ಖರೇನ ಐತಿ ಅದು. ಈಗ್ಯಾಕ ಸುಳ್ಳ ಮಾಡಾಕ ಬಂದೀ?"

ಯುವರಾಜ ಟ್ರ್ಯಾಕ್ಟರ್ ಏರಿದ. ಕೆರೆ ಓಣಿಯಲ್ಲಿ ಭರಮವ್ವ ಆಗಲೇ ಅಂಗಳ ಗುಡಿಸಿ ಕಲ್ಲಿಗಾಗಿ ಕಾಯುತ್ತಿದ್ದಳು.

ಹೊತ್ತು ಮುಳುಗಿತು. ಎತ್ತಲು ಬಂದ ಗೆಳೆಯರೂ ಬೈಸಿಕೊಂಡು ಒಬ್ಬೊಬ್ಬರಾಗಿ ಮನೆಗೆ ಹೋದರು. ಬೇಡಿಕೊಂಡು, ಜಗಳವಾಡಿ, ಸೋತ ಮಕ್ತುಮಬಿ ಒಳಗಿನಿಂದ ಕೌದಿ ತಂದು ಗಟಾರದ ಈಚೆಯಿಂದಲೇ ಒಗೆದಳು.

ದಾದಾಸಾಬ ಅದನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದ ಒಂದು ಕಾಲಿನ ಮೇಲೆ ಹರವಿಕೊಂಡ.

"ತಲಿದಿಂಬೂ ಒಗಿ," ಎಂದ.